ಮಾತ್ರೆಗೂ ಒಂದು ವೇಳೆ ಇದೆ



ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರಗಳ ನಮ್ಮ ಮನೆಗಳಲ್ಲಿ ದಾದಾರ ಕೈ ನಡುಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಅದು ಪಾರ್ಕಿನ್ಸನ್ ಕಾಯಿಲೆಯೂ ಆಗಿರಬಹುದು. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದಾಗ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ತುಂಬುತ್ತದೆ. ಆದರೆ ಕೆಲವೇ ತಾಸುಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಆದ್ದರಿಂದ ವೇಳೆ ತಪ್ಪಬಾರದು. ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು, ಜ್ವರವೇರಿ ಪ್ರಾಣಕ್ಕೂ ಅಪಾಯವಾಗಬಹುದು.

ರಂಜಾನಿನಲ್ಲಿ ರೋಜಾಕ್ಕಾಗಿ ತಾವೇ ಮಾತ್ರೆ ಬಿಡುವ ಹಿರಿಯರಿದ್ದಾರೆ. ರೋಗಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿರಿ, ವೇಳೆ ಬದಲಿಸಬೇಡಿರಿ.

ವಿದ್ಯಾರ್ಥಿಗಳೇ, ಎಷ್ಟೋ ಮನೆಗಳಲ್ಲಿ ಡಾಕ್ಟರ ಚೀಟಿ ಓದಬಲ್ಲವರು ನೀವೇ. ಮಾತ್ರೆಯ ಹೆಸರು, ವೇಳೆಯನ್ನು ಕನ್ನಡದಲ್ಲೋ ಉರ್ದುವಿನಲ್ಲೋ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿರಿ. ನಿಮ್ಮ ಓದು ಮೊದಲು ದಾದಾ-ದಾದಿಯರಿಗೆ ಆಸರೆಯಾಗಲಿ.