ಬೆಂಕಿಕಡ್ಡಿ ಕಲಿಸಿದ ಪಾಠ

ದೇವರ ಮುಂದೆ ದೀಪ ಹಚ್ಚುವಾಗಲಾಗಲಿ, ಒಲೆ ಹೊತ್ತಿಸುವಾಗಲಾಗಲಿ ಬೆಂಕಿಪೆಟ್ಟಿಗೆಯ ವಿಷಯವಾಗಿ ನಾವು ಯಾರೂ ಯೋಚಿಸುವುದಿಲ್ಲ. ಕಡ್ಡಿಯನ್ನು ಪೆಟ್ಟಿಗೆಯ ಪಕ್ಕಕ್ಕೇ ಏಕೆ ಗೀರಬೇಕು ಎಂದು ಮಕ್ಕಳು ಕೇಳಿದರೆ, ರಂಜಕವಿರುವುದು ಆ ಕಂದುಬಣ್ಣದ ಪಟ್ಟಿಯಲ್ಲಿ ಎಂದು ಹೇಳಿ ಸುಮ್ಮನಾಗುತ್ತೇವೆ. ಒಂದು ಕಾಲಕ್ಕೆ ರಂಜಕ ಕಡ್ಡಿಯ ತಲೆಯಲ್ಲೇ ಇತ್ತು. ಅಲ್ಲಿಂದ ಅದು ಪೆಟ್ಟಿಗೆಯ ಪಕ್ಕಕ್ಕೆ ಸರಿಯುವಷ್ಟರಲ್ಲಿ ಎಷ್ಟೋ ಮಂದಿ ಕೆಲಸಗಾರರು ತಮ್ಮ ದವಡೆಯನ್ನೇ ತೆರಬೇಕಾಯಿತು. ಆ ಕಥೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದಾಗ ರಂಜಕದ ಎರಡು ರೂಪಗಳನ್ನು ನಾನು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದೆ. ಮೂಲಧಾತು ಒಂದೇ, ಪರಮಾಣುಗಳ ಜೋಡಣೆ ಬೇರೆ. ಬಿಳಿಯ ರಂಜಕ ಗಾಳಿ ಸೋಕಿದರೆ ಹೊಗೆಯಾಡುತ್ತದೆ, ಕತ್ತಲಲ್ಲಿ ಮಿನುಗುತ್ತದೆ; ಘೋರ ವಿಷ. ಕೆಂಪು ರಂಜಕ ಹೋಲಿಕೆಯಲ್ಲಿ ಸೌಮ್ಯವಾದದ್ದು. 1830ರ ದಶಕದಲ್ಲಿ ಯೂರೋಪಿನ ಪೇಟೆಗೆ ಬಂದ ಬೆಂಕಿಕಡ್ಡಿಗಳಿಗೆ ಬಳಸಿದ್ದು ಬಿಳಿಯ ರಂಜಕವನ್ನು. ಕಡ್ಡಿ ಅಗ್ಗವಾಗಿತ್ತು, ಎಲ್ಲಿ ಗೀರಿದರೂ ಹೊತ್ತುತ್ತಿತ್ತು. ಕೊಳ್ಳುವವನಿಗೆ ಇನ್ನೇನು ಬೇಕು?

ಅದನ್ನು ತಯಾರಿಸುವವರ ಪಾಡು ಬೇರೆಯಾಗಿತ್ತು. ಕಡ್ಡಿಯನ್ನು ರಂಜಕದ ಲೇಪದಲ್ಲಿ ಅದ್ದುವವರೂ ಪೆಟ್ಟಿಗೆಗೆ ತುಂಬುವವರೂ ಇಡೀ ದಿನ ಅದರ ಆವಿಯನ್ನು ಉಸಿರಾಡುತ್ತಿದ್ದರು. ಅದೇ ಮೇಜಿನ ಬಳಿ, ಅದೇ ಕೈಯಿಂದ ರೊಟ್ಟಿ ತಿನ್ನುತ್ತಿದ್ದರು. ಮೊದಲು ಹಲ್ಲುನೋವು. ಆಮೇಲೆ ವಸಡಿನ ಬಾವು, ಕೀವು, ಹತ್ತಿರ ಯಾರೂ ಕೂರಲಾರದಷ್ಟು ದುರ್ಗಂಧ. ಕೊನೆಗೆ ದವಡೆಯ ಮೂಳೆಯೇ ಸತ್ತು ಹೋಗುತ್ತಿತ್ತು. ಅದನ್ನು ಕತ್ತರಿಸಿ ತೆಗೆಯುವುದೊಂದೇ ವೈದ್ಯರಿಗೆ ಉಳಿದಿದ್ದ ದಾರಿ. ವಿಯೆನ್ನಾದ ವೈದ್ಯ ಲೋರಿನ್ಸರ್ ಈ ರೋಗವನ್ನು 1845ರಲ್ಲಿಯೇ ವರ್ಣಿಸಿದ್ದ.

1888ರ ಜುಲೈ ತಿಂಗಳಲ್ಲಿ ಲಂಡನ್ನಿನ ಬೋ ಎಂಬ ಭಾಗದಲ್ಲಿದ್ದ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಮಂದಿ, ಬಹುತೇಕ ಹೆಂಗಸರು ಮತ್ತು ಹುಡುಗಿಯರು, ಮುಷ್ಕರ ಹೂಡಿದರು. ಅವರ ಸ್ಥಿತಿಯನ್ನು ಹಿಂದಿನ ತಿಂಗಳಷ್ಟೇ ಪತ್ರಿಕೆಯಲ್ಲಿ ಬರೆದಿದ್ದವರು ಮುಂದೆ ನಮ್ಮ ದೇಶಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಆನಿ ಬೆಸೆಂಟ್ ಅವರೇ. ಆ ಲೇಖನ ಸುಳ್ಳೆಂದು ಸಹಿ ಹಾಕಿರೆಂದು ಮಾಲೀಕರು ಒತ್ತಾಯಪಡಿಸಿದಾಗ ಹುಡುಗಿಯರು ಒಪ್ಪಲಿಲ್ಲ. ಮುಷ್ಕರ ಗೆದ್ದಿತು. ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ ಜುಲ್ಮಾನೆಗಳು ನಿಂತವು. ಊಟಕ್ಕೆ ಬೇರೆ ಕೋಣೆ ದೊರೆಯಿತು. ಆದರೆ ಬಿಳಿಯ ರಂಜಕ ಕಾರ್ಖಾನೆಯನ್ನು ಬಿಟ್ಟು ಹೋಗಲಿಲ್ಲ. ರೋಗಿಗಳ ಸಂಗತಿಯನ್ನು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟದ್ದಕ್ಕಾಗಿ ಅದೇ ಸಂಸ್ಥೆ 1898ರಲ್ಲಿ ದಂಡ ತೆತ್ತಿತು.

ಪರಿಹಾರ ಯಾರಿಗೂ ತಿಳಿದಿರಲಿಲ್ಲವೇ? ತಿಳಿದಿತ್ತು. ಸ್ವೀಡನ್ನಿನ ಪಾಶ್ ಎಂಬಾತ 1844ರಲ್ಲಿಯೇ ರಂಜಕವನ್ನು ಕಡ್ಡಿಯಿಂದ ಬೇರ್ಪಡಿಸಿ ಗೀರುವ ಪಟ್ಟಿಗೆ ಸೇರಿಸಿದ್ದ. 1855ರ ಹೊತ್ತಿಗೆ ಲುಂಡ್‌ಸ್ಟ್ರೋಮ್ ಸೋದರರು ಕೆಂಪು ರಂಜಕದ ಸುರಕ್ಷಿತ ಬೆಂಕಿಪೆಟ್ಟಿಗೆಯನ್ನು ಜಗತ್ತಿನ ಮುಂದಿಟ್ಟಿದ್ದರು. ಫಿನ್ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿಯ ರಂಜಕದ ಕಡ್ಡಿಯನ್ನು ನಿಷೇಧಿಸಿದವು. ದೊಡ್ಡ ರಾಷ್ಟ್ರಗಳು ಮಾತ್ರ ಮೀನಮೇಷ ಎಣಿಸಿದವು. ನಾವು ನಿಲ್ಲಿಸಿದರೆ ನೆರೆಯವನು ನಮ್ಮ ಪೇಟೆ ಕಸಿಯುತ್ತಾನೆ ಎಂಬುದು ಅವುಗಳ ವಾದ. ಆ ವಾದವನ್ನು ಮುರಿಯಲು ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕಾಯಿತು; 1906ರ ಬರ್ನ್ ಒಪ್ಪಂದ ಅದಕ್ಕೆ ದಾರಿಮಾಡಿತು. ಬ್ರಿಟನ್ 1908ರಲ್ಲಿ ಶಾಸನ ಮಾಡಿತು; ಭಾರತದಲ್ಲಿ 1913ರಲ್ಲಿ ನಿಷೇಧದ ಕಾಯಿದೆ ಬಂದಿತು. ರೋಗದ ವರ್ಣನೆಗೂ ಒಪ್ಪಂದಕ್ಕೂ ನಡುವೆ 61 ವರ್ಷ! ತಿಳಿವಳಿಕೆ ತಾನಾಗಿ ಯಾರನ್ನೂ ಕಾಪಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆ ನಡುವೆ ಕಾರ್ಖಾನೆಗಳಲ್ಲಿ ಹಲ್ಲಿನ ತಪಾಸಣೆ, ಗಾಳಿಯಾಡುವ ವ್ಯವಸ್ಥೆ, ಕೈ ತೊಳೆಯುವ ನಿಯಮ ಎಲ್ಲವೂ ಬಂದವು. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ರೋಗವನ್ನು ಬೇರುಸಹಿತ ಕಿತ್ತದ್ದು ವಿಷವನ್ನೇ ಹೊರಗಟ್ಟಿದ ಕ್ರಮ. ಇಂದಿನ ತಜ್ಞರು ಹೇಳುವ ರಕ್ಷಣೆಯ ಮೆಟ್ಟಿಲುಗಳೂ ಇದೇ ಬಗೆಯವು: ಮೊದಲು ವಿಷ ಅಗತ್ಯವೇ ಎಂದು ಕೇಳಬೇಕು, ಅದರ ಬದಲಿಗೆ ನಿರಪಾಯಕರವಾದುದನ್ನು ಹುಡುಕಬೇಕು, ಸಿಗದಿದ್ದರೆ ವಿಷವನ್ನು ಮುಚ್ಚಿದ ಯಂತ್ರದೊಳಗಿಟ್ಟು ಆವಿಯನ್ನು ಹುಟ್ಟುವಲ್ಲಿಯೇ ಹೀರಿ ತೆಗೆಯಬೇಕು. ಕೈಚೀಲ, ಮುಖವಾಡಗಳದು ಕೊನೆಯ ಮೆಟ್ಟಿಲು. ನಾವೋ ಅನೇಕ ವೇಳೆ ಆ ಕೊನೆಯದರಿಂದಲೇ ಆರಂಭಿಸಿ ಅಲ್ಲಿಯೇ ನಿಲ್ಲುತ್ತೇವೆ. ಹಾಗೆ ಮಾಡಿದಾಗ ಎಚ್ಚರದ ಹೊರೆಯೆಲ್ಲ ಕೆಲಸಗಾರನ ತಲೆಗೆ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ ರೈತರೂ ಕೂಲಿಗಳೂ ವಿಷವೇರಿ ಸತ್ತರು. ಬೆವರು ಸುರಿಯುವ ಬಿಸಿಲಿನಲ್ಲಿ, ಆಳೆತ್ತರದ ಬೆಳೆಯ ನಡುವೆ, ಮುಖವಾಡ ಧರಿಸಲಿಲ್ಲವೆಂದು ಅಂಥವನನ್ನು ದೂರುವುದು ಸುಲಭ, ನ್ಯಾಯವಲ್ಲ.

ಇನ್ನೊಂದು ಮಾತು. ತಾನು ಮುಟ್ಟುವುದು ಏನೆಂದು ತಿಳಿಯದವನು ತನ್ನನ್ನು ಹೇಗೆ ಕಾಪಾಡಿಕೊಂಡಾನು? 1984ರ ಭೋಪಾಲದ ದುರಂತದ ತರುವಾಯ, 1987ರಲ್ಲಿ, ನಮ್ಮ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಯಿತು. ಅಪಾಯಕರ ವಸ್ತುಗಳ ವಿವರವನ್ನು ಮಾಲೀಕ ಕೆಲಸಗಾರರಿಗೆ ತಿಳಿಸಬೇಕೆಂದೂ, ಅಪಾಯ ಸನ್ನಿಹಿತವೆಂದು ತೋರಿದರೆ ಅದನ್ನು ಮೇಲಿನವರ ಗಮನಕ್ಕೆ ತರುವುದು ಕೆಲಸಗಾರನ ಹಕ್ಕೆಂದೂ ಆ ತಿದ್ದುಪಡಿ ಸಾರಿತು. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಡಬ್ಬಿಯ ಮೇಲಿನ ಎಚ್ಚರಿಕೆ ಅದನ್ನು ತೆರೆಯುವವನ ನುಡಿಯಲ್ಲಿರಬೇಕು. ಪ್ರಶ್ನೆ ಕೇಳಿದವನ ಕೆಲಸ ಉಳಿಯಬೇಕು. ಲಂಡನ್ನಿನ ಆ ಹುಡುಗಿಯರಿಗೆ ಮೊದಲು ಒದಗಿದ ಬಲ ಕೂಡ ಒಟ್ಟಾಗಿ ಬಾಯಿ ತೆರೆಯುವ ಧೈರ್ಯವೇ.

ಯಾವುದೇ ವಸ್ತು ತೀರ ಅಗ್ಗವಾಗಿ ಕೈಗೆ ಬಂದಾಗ ಅದರ ಉಳಿದ ಬೆಲೆಯನ್ನು ಯಾರೋ ತೆತ್ತಿರಬಹುದು. ಅದು ಯಾರೆಂದು ವಿಚಾರಿಸುವುದು ಕೊಳ್ಳುವ ನಮ್ಮೆಲ್ಲರ ಕರ್ತವ್ಯವೆಂದು ನಾನು ತಿಳಿದಿದ್ದೇನೆ.