ನೀವು ಹತ್ತದಿದ್ದರೆ ನಿಮ್ಮ ಬ್ಯಾಗೂ ಹಾರುವುದಿಲ್ಲ

ವಿಮಾನ ಹೊರಡೋ ಹೊತ್ತಾಗಿದೆ, ಎಲ್ಲರೂ ಬೆಲ್ಟ್ ಹಾಕಿಕೊಂಡು ಕೂತಿದ್ದಾರೆ, ಆದರೂ ವಿಮಾನ ಕದಲುತ್ತಿಲ್ಲ. ಆಮೇಲೆ ಗೊತ್ತಾಗುತ್ತೆ: ಬ್ಯಾಗ್ ಕೊಟ್ಟ ಯಾರೋ ಒಬ್ಬರು ಗೇಟಿಗೆ ಬಂದಿಲ್ಲ, ಅವರ ಬ್ಯಾಗನ್ನ ಹುಡುಕಿ ಇಳಿಸ್ತಾ ಇದ್ದಾರೆ. ಬಾರದವರ ಒಂದು ಸೂಟ್‌ಕೇಸಿಗೋಸ್ಕರ ಇಷ್ಟು ಜನ ಕಾಯಬೇಕಾ ಅಂತ ಸಿಟ್ಟು ಬರೋದು ಸಹಜ. ಕಾಯಲೇಬೇಕು. ಯಾಕೆ ಅನ್ನೋದನ್ನೇ ಇವತ್ತು ಹೇಳ್ತೀನಿ.

ಕೌಂಟರಿನಿಂದ ಶುರು ಮಾಡೋಣ. ಹಿಡಿಕೆಗೆ ಸುತ್ತುವ ಆ ಉದ್ದನೆ ಟ್ಯಾಗ್ ಮೇಲೆ ಹತ್ತು ಅಂಕಿ ಇರುತ್ತೆ. ಮೊದಲನೇ ಅಂಕಿ ಬಿಟ್ಟು ಮುಂದಿನ ಮೂರು ವಿಮಾನ ಕಂಪನಿಯ ಗುರುತು: ಏರ್ ಇಂಡಿಯಾಗೆ 098, ಇಂಡಿಗೋಗೆ 312. ಕೊನೆಯ ಆರು ನಿಮ್ಮ ಬ್ಯಾಗಿನದು. ಬೆಲ್ಟ್ ಮೇಲೆ ಒಳಗೆ ಹೋದಮೇಲೆ ಲೇಸರ್ ಸ್ಕ್ಯಾನರ್ ಈ ಸಂಖ್ಯೆಯ ಬಾರ್‌ಕೋಡ್ ಓದಿ, ಬ್ಯಾಗನ್ನ ಅದರ ವಿಮಾನದ ಕಡೆ ತಿರುಗಿಸುತ್ತೆ. ಹೋದ ಸಲದ ಟ್ಯಾಗು, ಸಣ್ಣ ಸ್ಟಿಕ್ಕರು ಹಾಗೇ ಅಂಟಿಕೊಂಡಿದ್ದರೆ ಯಂತ್ರಕ್ಕೆ ಗೊಂದಲ; ಬ್ಯಾಗ್ ಪಕ್ಕಕ್ಕೆ ಹೋಗಿ, ಯಾರಾದರೂ ಕೈಯಲ್ಲಿ ಓದಿ ಕಳಿಸೋವರೆಗೂ ಕೂತಿರುತ್ತೆ. ದಯವಿಟ್ಟು ಹಳೆಯದನ್ನೆಲ್ಲ ಕಿತ್ತುಹಾಕಿ. ಹೊಸ ಟ್ಯಾಗಿನ ಮೇಲಿನ ದಪ್ಪ ಮೂರಕ್ಷರವನ್ನೂ ಅಲ್ಲೇ ನೋಡಿಕೊಳ್ಳಿ: ಬೆಂಗಳೂರಿಗೆ ಬಿಎಲ್‌ಆರ್, ಮಂಗಳೂರಿಗೆ ಐಎಕ್ಸ್‌ಇ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್.

ಮುಂದೆ ಎಕ್ಸ್‌ರೇ. ಪವರ್ ಬ್ಯಾಂಕ್ ಇಟ್ಟವರ ಬ್ಯಾಗ್ ಇಲ್ಲೇ ನಿಲ್ಲುತ್ತೆ. ಲಿಥಿಯಂ ಬ್ಯಾಟರಿ ಕ್ಯಾಬಿನ್ನಿನಲ್ಲಿ ಹೊತ್ತಿಕೊಂಡರೆ ಸಿಬ್ಬಂದಿ ಕಣ್ಣಿಗೆ ಬೀಳುತ್ತೆ, ಆರಿಸಬಹುದು. ವಿಮಾನದ ಹೊಟ್ಟೆಯಲ್ಲಿ ನೋಡೋರು ಯಾರಿದ್ದಾರೆ? ನಮ್ಮ ಒಣ ಕೊಬ್ಬರಿಗೂ ತಡೆ ಇದೆ, ಅದು ತಾನಾಗೇ ಬಿಸಿಯಾಗಿ ಉರಿಯಬಲ್ಲ ವಸ್ತುಗಳ ಪಟ್ಟಿಯಲ್ಲಿದೆ.

ಈಗ ಮುಖ್ಯ ವಿಷಯ. 1985ರ ಜೂನ್ 22, ಕೆನಡಾದ ವ್ಯಾಂಕೂವರ್. ಒಬ್ಬ ಮನುಷ್ಯ ಕೌಂಟರಿಗೆ ಬಂದ. ಮುಂದಿನ ಏರ್ ಇಂಡಿಯಾ ವಿಮಾನದಲ್ಲಿ ಅವನ ಸೀಟು ಖಚಿತವಾಗಿರಲಿಲ್ಲ. ಆದರೂ ಸೂಟ್‌ಕೇಸನ್ನ ಸೀದಾ ದೆಹಲಿವರೆಗೆ ಕಳಿಸಬೇಕು ಅಂತ ಹಟ ಹಿಡಿದ. ಕೊನೆಗೆ ಟ್ಯಾಗ್ ಹಾಕಿಕೊಟ್ಟರು. ಅವನು ವಿಮಾನ ಹತ್ತಲಿಲ್ಲ, ಸೂಟ್‌ಕೇಸ್ ಹತ್ತಿತು. ಟೊರಾಂಟೋದಲ್ಲಿ ಅದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನಕ್ಕೆ ಸೇರಿತು. ಮರುದಿನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಅದರೊಳಗಿದ್ದ ಬಾಂಬ್ ಸಿಡಿದು 329 ಜನ ಸತ್ತರು. ವ್ಯಾಂಕೂವರಿನಿಂದಲೇ ಹೀಗೇ ಹೊರಟಿದ್ದ ಇನ್ನೊಂದು ಬ್ಯಾಗ್ ಜಪಾನಿನ ನರಿತಾ ನಿಲ್ದಾಣದಲ್ಲಿ ಸ್ಫೋಟಿಸಿ, ಲಗೇಜು ಸಾಗಿಸುವ ಇಬ್ಬರು ಕೆಲಸಗಾರರ ಪ್ರಾಣ ತೆಗೆಯಿತು. ಕನಿಷ್ಕದ ಮಾತು ಬಂದಾಗಲೆಲ್ಲ ಆ ಇಬ್ಬರನ್ನೂ ನೆನೆಯಬೇಕು ಅನ್ನೋದು ನನ್ನ ಆಸೆ. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಇನ್ನೊಂದು ವಿಮಾನವನ್ನ ಸಿಡಿಸಿ 270 ಜನರನ್ನು ಬಲಿ ತೆಗೆದುಕೊಂಡದ್ದೂ ಒಡೆಯನಿಲ್ಲದೆ ಹೊರಟ ಒಂದು ಸೂಟ್‌ಕೇಸೇ.

ಒಡೆಯ ಹತ್ತದ ಬ್ಯಾಗನ್ನ ಇಳಿಸೋದು ಅದಕ್ಕೇ. ನಿಮ್ಮ ಮನೆಯ ಹಿರಿಯರನ್ನ ಕೇಳಿ ನೋಡಿ. ಒಂದು ಕಾಲಕ್ಕೆ ನಮ್ಮಲ್ಲಿ ಬ್ಯಾಗುಗಳನ್ನೆಲ್ಲ ವಿಮಾನದ ಪಕ್ಕ ಸಾಲಾಗಿ ಇಡ್ತಿದ್ದರು. ಪ್ರಯಾಣಿಕರು ಬಿಸಿಲಲ್ಲಿ ನಿಂತು ‘ಇದು ನನ್ನದು’ ಅಂತ ತೋರಿಸಿದ ಮೇಲೇ ಅದು ಒಳಗೆ ಹೋಗ್ತಿತ್ತು. ಈಗ ಆ ಕೆಲಸವನ್ನ ಕಂಪ್ಯೂಟರ್ ಮಾಡುತ್ತೆ. ಗೇಟಿನಲ್ಲಿ ನಿಮ್ಮ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಆಗಿಲ್ಲ ಅಂದರೆ ನಿಮ್ಮ ಹತ್ತಂಕಿ ಕೆಳಗಿನವರಿಗೆ ಹೋಗುತ್ತೆ. ದೊಡ್ಡ ವಿಮಾನದಲ್ಲಿ ಬ್ಯಾಗುಗಳು ಕಂಟೇನರಿನಲ್ಲಿರುತ್ತವೆ, ಹುಡುಕೋದು ಸ್ವಲ್ಪ ಸಲೀಸು. 737ರಂಥ ವಿಮಾನದಲ್ಲಿ ಹಾಗಲ್ಲ. ಲೋಡರ್‌ಗಳು ತಗ್ಗು ಚಾವಣಿಯ ಹೋಲ್ಡಿನಲ್ಲಿ ಮಂಡಿಯೂರಿ ಒಂದೊಂದೇ ಬ್ಯಾಗ್ ಪೇರಿಸಿರುತ್ತಾರೆ. ನಿಮ್ಮದು ಹಿಂದಿದ್ದರೆ ಮುಂದಿನದನ್ನೆಲ್ಲ ತೆಗೀಬೇಕು. ಒಂದು ಬ್ಯಾಗು 32 ಕಿಲೋ ದಾಟಬಾರದು ಅನ್ನೋ ನಿಯಮ ಇರೋದು ಇವರ ಬೆನ್ನಿಗೋಸ್ಕರ. ಹೆಚ್ಚುವರಿ ದುಡ್ಡು ಕಟ್ಟಿದರೂ ಅದು ಸಡಿಲವಾಗಬಾರದು ಅಂತಲೇ ನಾನು ಹೇಳ್ತೀನಿ.

ಬ್ಯಾಗ್ ತಪ್ಪೋದು ಹೆಚ್ಚಾಗಿ ವಿಮಾನ ಬದಲಿಸುವಾಗ. ನೀವು ಓಡಿಹೋಗಿ ಹತ್ತಿಬಿಡ್ತೀರಿ, ಬ್ಯಾಗ್ ಹಿಂದೆ ಉಳಿಯುತ್ತೆ. ಅದು ನಿಮ್ಮ ಇಚ್ಛೆಯಿಂದ ಆದದ್ದಲ್ಲವಾದ್ದರಿಂದ, ಮತ್ತೊಮ್ಮೆ ತಪಾಸಣೆ ಮಾಡಿ ಮುಂದಿನ ವಿಮಾನದಲ್ಲಿ ಕಳಿಸ್ತಾರೆ. ವಿದೇಶದಿಂದ ಮುಂಬೈ ಅಥವಾ ದೆಹಲಿ ಮೂಲಕ ಮಂಗಳೂರಿಗೆ ಬರೋರು ಇನ್ನೊಂದು ನೆನಪಿಡಿ: ಮೊದಲು ಇಳಿದ ಊರಲ್ಲೇ ಸಾಮಾನ್ಯವಾಗಿ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ಮುಗಿಸಿ, ಮತ್ತೆ ಕೊಡಬೇಕು.

ಬೆಲ್ಟ್ ನಿಂತರೂ ಬ್ಯಾಗ್ ಬರಲಿಲ್ಲವೇ? ಹೊರಗೆ ಹೋಗಬೇಡಿ. ಅಲ್ಲೇ ಕೌಂಟರಿನಲ್ಲಿ ದೂರು ಬರೆಸಿ, ಅದರ ನಂಬರ್ ತೆಗೆದುಕೊಳ್ಳಿ. ಟ್ಯಾಗಿನ ಸಣ್ಣ ಚೀಟಿ ಬೇಕೇ ಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತೆ, 2009ರಿಂದ ಭಾರತವೂ ಅದರಲ್ಲಿದೆ. ಬ್ಯಾಗ್ ಒಡೆದಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದಿದ್ದರೆ, ಬಂದ ದಿನದಿಂದ 21 ದಿನದೊಳಗೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬರಲಿಲ್ಲ ಅಂದರೆ ಅದು ಕಳೆದುಹೋದ ಬ್ಯಾಗ್ ಅಂತಲೇ ಲೆಕ್ಕ, ಪರಿಹಾರ ಕೇಳಬಹುದು. ಹಾಗಾಗಿ ಮನೆ ಬಿಡೋ ಮುಂಚೆ ಬ್ಯಾಗಿನ ಒಳಗೂ ಹೊರಗೂ ಒಂದೊಂದು ಫೋಟೋ ತೆಗೆದುಕೊಳ್ಳಿ, ಒಳಗೊಂದು ಕಾಗದದಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ.