ಕಲ್ಲುಬೆಂಚಿನ ಅಭಿಪ್ರಾಯಗಳು



ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಅಡ್ಡಾಡುವ ನಿವೃತ್ತರ ಗುಂಪುಗಳು ಹಲವು. ಅಂಥದೊಂದು ಗುಂಪಿಗೆ ಸೇರಿದವನು ನಾನು. ನಾವು ನಾಲ್ವರು. ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ವಿದ್ಯುತ್ ಇಲಾಖೆಯವರು, ಮತ್ತೊಬ್ಬರು ಗಣಿತದ ಮೇಷ್ಟರು. ನಾನು ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನು. ನಡೆಯುವುದು ಅರ್ಧ ಗಂಟೆ. ಆಮೇಲೆ ಕಲ್ಲುಬೆಂಚಿನ ಮೇಲೆ ಕುಳಿತು ಅಭಿಪ್ರಾಯ ಹೇಳುವುದು ಒಂದು ಗಂಟೆ.

ನಮ್ಮ ಅಭಿಪ್ರಾಯಗಳ ಸ್ವರೂಪವನ್ನು ತಾವು ಊಹಿಸಬಲ್ಲಿರಿ. ಮೊಬೈಲಿನಿಂದ ಹುಡುಗರು ಕೆಟ್ಟರು ಎಂಬ ಮಾತನ್ನು ಬ್ಯಾಂಕಿನ ಮಿತ್ರರು ತಮ್ಮ ಮೊಬೈಲಿಗೆ ಬಂದ ಸಂದೇಶವನ್ನು ಓದಿಯೇ ಸಮರ್ಥಿಸುತ್ತಾರೆ. ಈಗಿನ ಸಿನಿಮಾಗಳಲ್ಲಿ ಕಥೆಯೇ ಇಲ್ಲವೆಂಬುದರಲ್ಲಿ ನಮಗೆ ಒಮ್ಮತವುಂಟು. ನಮ್ಮಲ್ಲಿ ಯಾರೊಬ್ಬರೂ ಚಿತ್ರಮಂದಿರದ ಮೆಟ್ಟಿಲು ಹತ್ತಿ ಐದಾರು ವರ್ಷವಾಯಿತೆಂಬುದು ಆ ಒಮ್ಮತಕ್ಕೆ ಅಡ್ಡಿಯಾಗಿಲ್ಲ. ಈಗಿನವರಿಗೆ ಮೈ ಬಗ್ಗುವುದಿಲ್ಲವೆಂದು ತೀರ್ಮಾನಿಸಿ, ಏಳುವಾಗ ನಾಲ್ವರೂ ಬೆಂಚಿನ ಅಂಚನ್ನು ಹಿಡಿದೇ ಏಳುತ್ತೇವೆ.

ಇಂಥ ಮಾತುಗಳಿಂದ ಯಾರಿಗೂ ಹಾನಿಯಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಹೋದದ್ದು ಒಂದು ಕೈಗಡಿಯಾರದಿಂದ.

ಕಳೆದ ವರ್ಷ ಮಗ ಬೆಂಗಳೂರಿನಿಂದ ಬಂದಾಗ ಅದನ್ನು ನನ್ನ ಮಣಿಕಟ್ಟಿಗೆ ಕಟ್ಟಿದ. ಹೊತ್ತು ತೋರಿಸುವುದು ಅದಕ್ಕೆ ಗೌಣ. ನಡೆದ ಹೆಜ್ಜೆಗಳನ್ನು ಎಣಿಸುವುದೇ ಮುಖ್ಯ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯಾದರೆ ಮಣಿಕಟ್ಟಿನ ಮೇಲೆ ಸಣ್ಣಗೆ ಕಂಪಿಸಿ ಅಭಿನಂದಿಸುತ್ತದೆ. ಹತ್ತು ಸಾವಿರವೆಂಬುದು ನನಗೆ ಶಾಸ್ತ್ರವಾಕ್ಯವೇ ಆಯಿತು. ಬೆಂಚಿನ ಮೇಲೆ ಅದನ್ನು ಪ್ರತಿಪಾದಿಸಿದೆ. ಮನೆಯಲ್ಲಿ ನನ್ನಾಕೆಗೆ ಬೋಧಿಸಿದೆ. ಆಕೆಗೆ ಏಳೆಂಟು ವರ್ಷಗಳಿಂದ ಮಂಡಿನೋವು. "ನೀನು ನಡೆಯುವುದಿಲ್ಲ, ಅದಕ್ಕೇ ನೋವು. ಮಂಡಿನೋವು ಕೂತವರ ಕಾಯಿಲೆ" ಎಂಬುದು ಗಡಿಯಾರ ಬರುವುದಕ್ಕೆ ಮೊದಲೇ ನಾನು ತಳೆದಿದ್ದ ಅಭಿಪ್ರಾಯ. ಗಡಿಯಾರ ಅದಕ್ಕೊಂದು ಸಂಖ್ಯೆಯನ್ನು ಒದಗಿಸಿತು, ಅಷ್ಟೆ.

ಈ ಸಂಖ್ಯೆಯ ಮೂಲವನ್ನು ಕೆದಕಿದವರು ಗಣಿತದ ಮೇಷ್ಟರು. ಟೋಕಿಯೋ ನಗರದಲ್ಲಿ 1964ರಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಮರುವರ್ಷ, 1965ರಲ್ಲಿ, ಜಪಾನಿನ ಸಂಸ್ಥೆಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು 'ಮಾನ್ಪೊಕೇ'. ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಜನರ ನಾಲಗೆಯ ಮೇಲೆ ಚೆನ್ನಾಗಿ ಕೂರುವ ಒಂದು ದುಂಡು ಸಂಖ್ಯೆ. ವ್ಯಾಪಾರಕ್ಕೆ ಇಟ್ಟ ಹೆಸರು ಕಾಲಕ್ರಮದಲ್ಲಿ ವೈದ್ಯಕೀಯ ವಿಧಿಯಂತೆ ಲೋಕವನ್ನೆಲ್ಲ ಸುತ್ತಿತು. 2019ರಲ್ಲಿ ಅಮೆರಿಕದ ಸಂಶೋಧಕರು ಹದಿನಾರು ಸಾವಿರಕ್ಕೂ ಹೆಚ್ಚು ಮಂದಿಯ ಹೆಜ್ಜೆಗಳನ್ನು ಅಳೆದು ನೋಡಿದ ಫಲಿತಾಂಶ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಸುಮಾರಿಗೆ ಈ ಲಾಭ ಏರುವುದು ನಿಂತಿತ್ತು. ಮೇಷ್ಟರು ಇಷ್ಟು ಹೇಳಿ, ಕೊನೆಗೆ, "ಅಂದ ಹಾಗೆ ಇವರಲ್ಲಿ ಒಬ್ಬ ಗಂಡಸೂ ಇಲ್ಲ ಸಾರ್. ಎಲ್ಲರೂ ಹೆಂಗಸರು, ಸರಾಸರಿ ವಯಸ್ಸು ಎಪ್ಪತ್ತೆರಡು" ಎಂದರು.

ಆ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಮರುದಿನ ಬೆಳಿಗ್ಗೆ ಗಡಿಯಾರವನ್ನು ಬಿಚ್ಚಿ ನನ್ನಾಕೆಯ ಕೈಗೆ ಕಟ್ಟಿದೆ. "ನನಗ್ಯಾಕ್ರೀ ಇದು?" ಎಂದಳು. ಒಂದು ದಿನ ಇರಲಿ ಎಂದೆ. ರಾತ್ರಿ ಪಾತ್ರೆ ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಆಕೆ ಅದನ್ನು ಹಿಂದಿರುಗಿಸಿದಾಗ 9,200ಕ್ಕೆ ಮೀರಿತ್ತು. ಕೆರೆ ಏರಿಯ ವೀರನಾದ ನಾನು ಹಿಂದಿನ ದಿನ ನಡೆದದ್ದು ಆರು ಸಾವಿರದ ಚಿಲ್ಲರೆ. ಹೊಸಿಲು ದಾಟದೆಯೇ ಆಕೆ ನನ್ನನ್ನು ಹಿಂದೆ ಹಾಕಿದ್ದಳು.

ನಾನು ಪಶ್ಚಾತ್ತಾಪದ ಒಂದೆರಡು ಮಾತನ್ನು ಸಿದ್ಧಪಡಿಸಿಕೊಳ್ಳುತ್ತಿದ್ದೆ. ಆಕೆ ಅದಕ್ಕೂ ಅವಕಾಶ ಕೊಡಲಿಲ್ಲ. "ಅದರಲ್ಲಿ ನನ್ನದೆಷ್ಟು, ಮುದ್ದೆಯದೆಷ್ಟು ನೋಡಿ" ಎಂದಳು. ನಿಜವೇ. ಈ ಯಂತ್ರ ಕಾಲನ್ನು ಕಾಣದು. ತೋಳಿನ ಅಲುಗಾಟವನ್ನು ಗ್ರಹಿಸಿ ಅದನ್ನೇ ಹೆಜ್ಜೆಯೆಂದು ಲೆಕ್ಕ ಹಾಕುತ್ತದೆ. ಹಿಟ್ಟಿನ ಕೋಲು ಹಿಡಿದು ಮುದ್ದೆ ತೊಳಸಿದರೆ ನಿಂತಲ್ಲೇ ಹೆಜ್ಜೆಗಳು ಏರಬಹುದು. ತುಂಬಿದ ಬಕೆಟ್ಟನ್ನು ಹಿತ್ತಲಿನಿಂದ ತೋಳು ಅಲುಗಿಸದೆ ಹೊತ್ತು ತಂದರೆ ಆ ನಡಿಗೆಗೆ ಲೆಕ್ಕವೇ ಇಲ್ಲ. ಹಾಗಾಗಿ ಆ 9,200ನ್ನು ನಾನು ಪ್ರಮಾಣವೆಂದು ಮುಂದಿಡಲಾರೆ. ಆದರೆ ಆಕೆ ಕೂತವಳಲ್ಲ ಎಂಬುದನ್ನು ತಿಳಿಯಲು ನನಗೆ ಯಂತ್ರವೇಕೆ ಬೇಕಾಗಿತ್ತು? ಮೂವತ್ತೇಳು ವರ್ಷ ಒಂದೇ ಮನೆಯಲ್ಲಿದ್ದೇನೆ. ನನಗೂ ಎರಡು ಕಣ್ಣುಗಳಿವೆ.

ಮೂಳೆತಜ್ಞರಲ್ಲಿಗೆ ಕರೆದೊಯ್ದದ್ದು ಆಮೇಲೆ. ಮೊದಲೇ ಹೋಗಬೇಕಾಗಿತ್ತು, ನನ್ನ ಅಭಿಪ್ರಾಯ ಸಿದ್ಧವಿದ್ದುದರಿಂದ ಇನ್ನೊಬ್ಬರದು ಬೇಕೆನಿಸಿರಲಿಲ್ಲ. ಕೀಲಿನ ಮೃದ್ವಸ್ಥಿ ಸಾಕಷ್ಟು ಸವೆದಿದೆಯೆಂದರು. ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವುದು ತಪ್ಪಬೇಕು. ತೊಡೆಯ ಮುಂಭಾಗದ ಸ್ನಾಯುಗಳಿಗೆ ಬಲ ಬಂದರೆ ಮಂಡಿಯ ಶ್ರಮ ತಗ್ಗುತ್ತದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಳವಾಗಿ ಚಾಚಿ, ಹತ್ತು ಎಣಿಸಿ ಇಳಿಸಬೇಕು. ನಡಿಗೆಯೂ ಒಳ್ಳೆಯದೇ ಎಂದರು. ಆಗ ನಾನು ನನ್ನಾಕೆಯ ಮುಖ ನೋಡಿದೆ, ನೋಡಬಾರದಿತ್ತು.

ವ್ಯಾಯಾಮಕ್ಕೆ ಆಕೆಯನ್ನು ಹುರಿದುಂಬಿಸಲು ಮಗಳು ಮೊಬೈಲಿನಲ್ಲಿ ಹಳೆಯದೊಂದು ಮೂಕಚಿತ್ರವನ್ನು ತೋರಿಸಿದಳು. ನಮ್ಮ ಊರಿನದೇ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1933ರಿಂದ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರನ್ನೂ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರನ್ನೂ 1938ರಲ್ಲಿ ಚಿತ್ರೀಕರಿಸಿದ್ದು. ಆಚಾರ್ಯರ ಪತ್ನಿಯೂ ಮಕ್ಕಳೂ ಅದರಲ್ಲಿ ಆಸನ ಹಾಕುತ್ತಾರೆ. ಅಷ್ಟು ಹಿಂದೆಯೇ ಗೃಹಿಣಿಯೊಬ್ಬರು ಕ್ಯಾಮೆರಾದ ಮುಂದೆ ಯೋಗ ಮಾಡಿದ್ದರೆಂದು ನಾನು ಬೆರಗಾದೆ. ನನ್ನಾಕೆ ಕಣ್ಣು ಕಿರಿದುಮಾಡಿ ನೋಡಿ, "ಆ ಹೊತ್ತಿನಲ್ಲಿ ಒಲೆ ಮುಂದೆ ಯಾರಿದ್ದರೋ!" ಎಂದಳು.

ಯೋಗದ ಮಾತಿನಿಂದ 'ಕಾಮನಬಿಲ್ಲು' ನೆನಪಾಯಿತು. 1983ರ ಚಿತ್ರ. ಐವತ್ತು ದಾಟಿದ ರಾಜಕುಮಾರ್ ಅದರಲ್ಲಿ ಸ್ವತಃ ಯೋಗಾಸನಗಳನ್ನು ಮಾಡಿ ತೋರಿಸಿದ್ದರು. ಆಗಷ್ಟೇ ಎಂ.ಎ. ಮುಗಿಸಿದ್ದ ನಾನು, ಇದಕ್ಕೂ ಕಥೆಗೂ ಯಾವ ಅವಯವ ಸಂಬಂಧವೆಂದು ಹಾಸ್ಟೆಲ್ಲಿನಲ್ಲಿ ವಿಮರ್ಶೆ ಮಾಡಿದ್ದೆ. ಅದೇ ಠೀವಿಯಲ್ಲಿ, "ನಿನಗೆ ಆ ಚಿತ್ರ ಹೇಗೆನಿಸಿತ್ತು?" ಎಂದು ಆಕೆಯನ್ನು ಕೇಳಿದೆ. "ಟಿ.ವಿ.ಯಲ್ಲಿ ಮೂರು ಸಲ ಬಂದಿತ್ತು. ಕೊನೆಗೇನಾಗುತ್ತದೆ?" ಎಂದಳು.

ನನ್ನಾಕೆಗೆ ಸಿನಿಮಾದಲ್ಲಿ ಅಭಿರುಚಿಯಿಲ್ಲ, ಅರ್ಧಕ್ಕೇ ಎದ್ದುಹೋಗುತ್ತಾಳೆ ಎಂದು ನಾನು ಬೆಂಚಿನ ಮೇಲೆ ಎಷ್ಟೋ ಬಾರಿ ಹೇಳಿದ್ದೆ. ಭಾನುವಾರ ಚಲನಚಿತ್ರ ಬರುತ್ತಿದ್ದ ಹೊತ್ತೇ ಮನೆಗೆ ನೆಂಟರಿಷ್ಟರು ಬರುವ ಹೊತ್ತು, ಕಾಫಿಯ ಹೊತ್ತು, ಮಕ್ಕಳ ಊಟದ ಹೊತ್ತು. ಆಕೆ ನೋಡಿದ ಚಿತ್ರಗಳೆಲ್ಲ ಅಡಿಗೆಮನೆಯ ಬಾಗಿಲಿಗೆ ಒರಗಿ, ಒಂದು ಕಿವಿಯನ್ನು ಒಲೆಯ ಕಡೆಗಿಟ್ಟು ನೋಡಿದ ಚಿತ್ರಗಳು.

ಬೇಕಾದ ಚಿತ್ರವನ್ನು ಬೇಕಾದಾಗ ಟಿ.ವಿ.ಗೆ ತರಿಸಿಕೊಳ್ಳುವ ಉಪಾಯವನ್ನು ಮಗಳು ನನಗೆ ಕಲಿಸಿ ಹೋಗಿದ್ದಾಳೆ. ಕಳೆದ ಭಾನುವಾರ 'ಕಾಮನಬಿಲ್ಲು' ಹಾಕಿದೆ. ಆಕೆ ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಹತ್ತು ಎಣಿಸುತ್ತ ನೋಡತೊಡಗಿದಳು. ಮಧ್ಯದಲ್ಲಿ ನಾನು ಕಾಫಿಗೆಂದು ಎದ್ದೆ. ಡಿಕಾಕ್ಷನ್ ಇಳಿಯುವುದು ತಡವಾಯಿತು, ಹಾಲು ಉಕ್ಕಿತು, ಒಲೆ ಒರೆಸಬೇಕಾಯಿತು. ಒಳಗಿನಿಂದಲೇ, "ಈಗೇನಾಯಿತು?" ಎಂದು ಕೂಗಿದೆ.

"ಸ್ವಲ್ಪ ಸುಮ್ಮನಿರ್ರೀ, ಮಾತು ಕೇಳಿಸುತ್ತಿಲ್ಲ" ಎಂದಳು. ಎರಡು ಲೋಟ ಹಿಡಿದು ನಾನು ಬಾಗಿಲ ಬಳಿಯೇ ನಿಂತೆ.